ಅಳಿವೆಯ ಆರೋಗ್ಯ: ಕೆಸರನ್ನೂ ಕೇಳಬೇಕು

ಮುಂಗಾರಿನ ಮೊದಲ ಜಡಿಮಳೆಯ ಮರುದಿನ ಮಂಗಳೂರಿನ ಹಳೆ ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ದಾಟುವಾಗ ಹೊಳೆಯಲ್ಲಿ ಎರಡು ಬಣ್ಣಗಳನ್ನು ಕಂಡಿದ್ದೇನೆ. ಘಟ್ಟದ ಕಡೆಯಿಂದ ಬಂದ ಕೆಂಪು ನೀರು ಒಂದು. ನಗರದ ತೋಡುಗಳು ತಂದು ಸುರಿದ, ಎಣ್ಣೆಪಸೆಯ ಕಪ್ಪು ನೀರು ಇನ್ನೊಂದು. ತುಸು ಹೊತ್ತಿನಲ್ಲಿ ಎರಡೂ ಬೆರೆತು ಏನೂ ನಡೆದಿಲ್ಲವೆಂಬಂತೆ ಕಡಲಿನತ್ತ ಸಾಗುತ್ತವೆ.

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಉಳ್ಳಾಲ ಮತ್ತು ಬೆಂಗ್ರೆಯ ಮರಳು ದಿಬ್ಬಗಳ ನಡುವೆ ಒಂದೇ ಅಳಿವೆ ಬಾಗಿಲಿನಿಂದ ಸಮುದ್ರ ಸೇರುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಗರದ ಕೊಳೆಗೆ ಕೊನೆಯ ನಿಲ್ದಾಣವೂ ಅದೇ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಮಂದಾರದ ಮೇಲೆ ಜಾರಿದಾಗ ರಾಜ್ಯವೇ ನೋಡಿತು. ತೋಡುಗಳ ಮೂಲಕ ಪ್ರತಿವರ್ಷ ಜಾರುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಗಮನಿಸದಿರಲು ನಮ್ಮ ಅಳತೆಯ ಪದ್ಧತಿಯೂ ಒಂದು ಕಾರಣ. ಬೇಸಿಗೆಯುದ್ದಕ್ಕೂ ರಸ್ತೆ, ಗ್ಯಾರೇಜು, ಅಂಗಡಿ ಬೀದಿಗಳಲ್ಲಿ ಕೂಡಿಬಿದ್ದ ಎಣ್ಣೆ, ಲೋಹದ ಧೂಳು, ಟೈರಿನ ಪುಡಿಯ ದೊಡ್ಡ ಪಾಲು ಮೊದಲ ಕೆಲವು ಮಳೆಗಳಲ್ಲೇ ಕೊಚ್ಚಿಹೋಗುತ್ತದೆ. ತಿಂಗಳಿಗೊಮ್ಮೆ ಸೀಸೆಯಲ್ಲಿ ನೀರು ತುಂಬಿಕೊಳ್ಳುವ ಪದ್ಧತಿಗೆ ಆ ಕೆಲವು ಗಂಟೆಗಳು ಸಿಕ್ಕುವುದು ಅಪರೂಪ. ಕರಗಿದ ಆಮ್ಲಜನಕ, ಬಿಒಡಿ, ಕೋಲಿಫಾರಂ ಲೆಕ್ಕ ಹಿಡಿದು ನದಿಗಳಿಗೆ ಎ ಯಿಂದ ಇ ವರೆಗೆ ದರ್ಜೆ ಕೊಡುವುದು ಕುಡಿಯಲು, ಮೀಯಲು, ಕೃಷಿಗೆ ನೀರು ಯೋಗ್ಯವೇ ಎಂದು ತಿಳಿಯಲು. ಅದು ಬೇಕು, ನಿಜ. ಆದರೆ ಹೊಳೆಯಲ್ಲಿ ಬದುಕುವ ಜೀವಿಯ ಪಾಡು ಅದರಿಂದ ತಿಳಿಯದು.

ಅಮೆರಿಕದ ಸಿಯಾಟಲ್ ಸುತ್ತಲಿನ ತೊರೆಗಳಿಗೆ ಮೊಟ್ಟೆಯಿಡಲು ಬರುವ ಕೋಹೊ ಸಾಲ್ಮನ್ ಮೀನುಗಳು ಮಳೆಯ ನಂತರ ಸಾಯುತ್ತಿದ್ದವು. ಟೈರಿನ ರಬ್ಬರು ಹಾಳಾಗದಂತೆ ಬೆರೆಸುವ ರಾಸಾಯನಿಕವು ಓಜೋನಿನೊಡನೆ ವರ್ತಿಸಿ ಹುಟ್ಟುವ ವಿಷವೇ ಕಾರಣವೆಂದು 2020ರಲ್ಲಿ ತಿಳಿದುಬಂತು. ಬಿಒಡಿ ಪರೀಕ್ಷೆ ಹಿಡಿಯುವ ವಿಷವಲ್ಲ ಅದು. ನಮ್ಮ ಹೊಳೆಯಲ್ಲಿ ಆ ಮೀನಿಲ್ಲ. ನಮ್ಮ ರಸ್ತೆಗಳಲ್ಲಿ ಟೈರುಗಳಂತೂ ಇವೆ.

ನೀರು ಹರಿದುಹೋಗುತ್ತದೆ, ಕೆಸರು ಉಳಿಯುತ್ತದೆ. ಆದುದರಿಂದ ತಳದ ಕೆಸರನ್ನೂ ಅದರಲ್ಲಿ ವಾಸಿಸುವ ಹುಳು, ಚಿಪ್ಪುಜೀವಿಗಳನ್ನೂ ಪರೀಕ್ಷಿಸಬೇಕೆಂಬುದು ನನ್ನ ವಾದ. ಸ್ಪೇನಿನ ಆಂಗೆಲ್ ಬೋರ್ಹಾ ಮತ್ತು ಸಂಗಡಿಗರು 2000ದಲ್ಲಿ ರೂಪಿಸಿದ ಸೂಚ್ಯಂಕವೊಂದು ಇಂಥ ಜೀವಿಗಳನ್ನು ಮಾಲಿನ್ಯ ತಾಳುವ ಶಕ್ತಿಗನುಗುಣವಾಗಿ ಐದು ಗುಂಪುಗಳಾಗಿ ವಿಂಗಡಿಸುತ್ತದೆ. ಸೂಕ್ಷ್ಮ ಜೀವಿಗಳು ಮರೆಯಾಗಿ ಕ್ಯಾಪಿಟೆಲ್ಲಾದಂಥ ಹುಳುಗಳೇ ತುಂಬಿದ್ದರೆ ಕೆಸರು ಕೊಳೆತಿದೆಯೆಂದು ತಿಳಿಯಬಹುದು.

ಇಲ್ಲೊಂದು ತೊಡಕಿದೆ. ಅಳಿವೆಯ ಜೀವಿಗಳು ಬೇಸಿಗೆಯ ಉಪ್ಪನ್ನೂ ಆಷಾಢದ ಸಿಹಿನೀರನ್ನೂ ಸಹಿಸುವ ಗಟ್ಟಿ ಜೀವಗಳು. ಪ್ರಕೃತಿಯೇ ಕೊಡುವ ಈ ಕಷ್ಟವನ್ನೂ ಮನುಷ್ಯ ಕೊಡುವ ಕಷ್ಟವನ್ನೂ ಬೇರ್ಪಡಿಸುವುದು ಸುಲಭವಲ್ಲ. 2007ರಲ್ಲಿ ಎಲಿಯಟ್ ಮತ್ತು ಕ್ವಿಂಟಿನೊ ಇದನ್ನು ಅಳಿವೆಯ ವಿರೋಧಾಭಾಸ ಎಂದೇ ಕರೆದರು. ಹಾಗಾಗಿ ಒಂದು ಸಂಖ್ಯೆ ನೋಡಿ ತೀರ್ಪು ಕೊಡಲಾಗದು, ಹೋಲಿಕೆ ಬೇಕು. ಹೋಲಿಕೆಗೆ ನಮ್ಮಲ್ಲೇ ಅಘನಾಶಿನಿಯಿದೆ: ಅಣೆಕಟ್ಟಿಲ್ಲದ, ದೊಡ್ಡ ನಗರದ ಚರಂಡಿ ಸೇರದ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಅಳಿವೆ. ಅಲ್ಲಿಯ ಕೆಸರನ್ನೂ ಮಂಗಳೂರಿನ ತೋಡುಗಳು ಹೊಳೆ ಸೇರುವೆಡೆಯ ಕೆಸರನ್ನೂ ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಹಲವು ವರ್ಷ ಬಿಡದೆ ಎತ್ತಿ ನೋಡಬೇಕು. ಇದಕ್ಕೆ ಭಾರೀ ಯಂತ್ರಗಳು ಬೇಡ. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳೂ ಕೈಜೋಡಿಸಬಹುದಾದ ಕೆಲಸ.

ಇಳಿತದ ಹೊತ್ತಿಗೆ ಹೊಳೆಗಿಳಿದು ಮರುವಾಯಿ ಹೆಕ್ಕುವವರನ್ನೂ ಕೇಳಬೇಕು. ಯಾವ ತೋಡಿನ ಬಾಯಲ್ಲಿ ಚಿಪ್ಪು ಖಾಲಿಯಾಗಿದೆಯೆಂದು ಅವರಿಗಿಂತ ಬಲ್ಲವರಾರು? ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿರುವ ಲೋಹ, ರೋಗಾಣುಗಳು ಅದರ ಒಡಲಲ್ಲಿ ಸೇರಿಕೊಳ್ಳುತ್ತವೆ. ಸುಕ್ಕದ ರುಚಿ ಬಲ್ಲ ನನ್ನಂಥವರ ಊಟದ ಬಟ್ಟಲಿಗೆ ನಗರದ ಚರಂಡಿ ಹಿಂತಿರುಗುವ ದಾರಿಯೂ ಅದೇ.