ಮೂರು ಊರು, ಒಂದು ಬಾಡಿಗೆ ಮನೆ

ನಾನು ಹುಟ್ಟಿದ್ದು 1997ರಲ್ಲಿ. ಅದೇ ವರ್ಷ ಧಾರವಾಡದಿಂದ ಗದಗ, ರಾಯಚೂರಿನಿಂದ ಕೊಪ್ಪಳ, ಆಗಿನ ಬಿಜಾಪುರದಿಂದ ಬಾಗಲಕೋಟೆ ಬೇರೆಯಾಗಿ ಹೊಸ ಜಿಲ್ಲೆಗಳಾದವು. ನಮ್ಮದು ಗಜೇಂದ್ರಗಡದ ಹತ್ತಿರದ ಹಳ್ಳಿ. ಈ ಮೂರೂ ಜಿಲ್ಲೆಗಳ ಗಡಿ ಅಲ್ಲಿಂದ ದೂರವಿಲ್ಲ. ಮೂರೂ ಜಿಲ್ಲಾ ಕೇಂದ್ರಗಳು ನಮಗೆ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ತಾಸಿನ ದಾರಿ. ಇಷ್ಟು ವರ್ಷ ಅವು ನನ್ನ ಪಾಲಿಗೆ ಬಸ್ಸು ಬದಲಿಸುವ ಊರುಗಳಷ್ಟೇ ಆಗಿದ್ದವು. ಕಳೆದ ನಾಲ್ಕು ತಿಂಗಳಲ್ಲಿ ಮಾತ್ರ ಕನ್ಯೆ ನೋಡಲು ಹೋದವರ ಹಾಗೆ ಒಂದೊಂದನ್ನೂ ಕೂತು, ಕೇಳಿ, ನೋಡಿ ಬಂದೆ.

ಕಾರಣ ಅವ್ವ. ಅವಳ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಯಿತು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್. ಅಪ್ಪ ಇಲ್ಲ, ನಾನೊಬ್ಬಳೇ ಮಗಳು. ಹಾಗಾಗಿ ಬೆಂಗಳೂರಿನ ನನ್ನ ಒಂದು ಕೋಣೆಯ ಮನೆಗೇ ಅವಳನ್ನು ಕರೆತಂದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದ ಸಂಬಳದಲ್ಲಿ ಬಾಡಿಗೆ ಮತ್ತು ಖಾಸಗಿ ಡಯಾಲಿಸಿಸ್ ಕಳೆದರೆ ಉಳಿಯುವುದು ಅಕ್ಕಿ–ಜೋಳದ ಖರ್ಚಷ್ಟೇ. ದುಡ್ಡಿಗಿಂತ ದೊಡ್ಡದು ಇನ್ನೊಂದಿತ್ತು. ಮೂರನೇ ಮಹಡಿಯ ಕಿಟಕಿಯಲ್ಲಿ ಕೂತು ಅವ್ವ ಒಂದು ದಿನ, ‘ಇಲ್ಲಿ ನನ್ನ ಹೆಸರ ಹಿಡದ ಕರಿಯಾವ್ರು ನೀ ಒಬ್ಬಾಕೀನೇ ನೋಡವ್ವ’ ಅಂದಳು. ತಿಂಗಳಿಗೆ ಎರಡು ದಿನ ಆಫೀಸಿಗೆ ಬಂದರೆ ಸಾಕು, ಉಳಿದದ್ದು ಎಲ್ಲಿಂದಾದರೂ ಮಾಡು ಎಂದು ಕಂಪನಿ ಒಪ್ಪಿತು. ಹಳ್ಳಿಗೆ ಹೋಗುವಂತಿಲ್ಲ. ಡಯಾಲಿಸಿಸ್ ಮುಗಿಸಿ ಸುಸ್ತಾದವಳನ್ನು ಎರಡು ತಾಸು ಬಸ್ಸಿನಲ್ಲಿ ಕುಲುಕಿಸುವುದು ಸಾಧ್ಯವಿಲ್ಲ. ಹಾಗಾದರೆ ಮೂರರಲ್ಲಿ ಯಾವ ಊರು?

ಮೊದಲು ಎಲ್ಲರಂತೆ ಅಂಕಿಸಂಖ್ಯೆ ಹುಡುಕಿದೆ. 2011ರ ಜನಗಣತಿಯ ಪ್ರಕಾರ ಗದಗ–ಬೆಟಗೇರಿಯಲ್ಲಿ ಸುಮಾರು 1.7 ಲಕ್ಷ ಜನ, ಬಾಗಲಕೋಟೆಯಲ್ಲಿ 1.1 ಲಕ್ಷ, ಕೊಪ್ಪಳದಲ್ಲಿ 70 ಸಾವಿರ. ಆಗ ನಾನು ಹೈಸ್ಕೂಲಿನಲ್ಲಿದ್ದೆ. 2021ರ ಗಣತಿ ನಡೆಯಲೇ ಇಲ್ಲ. ನಮ್ಮ ಊರುಗಳನ್ನು ಎಣಿಸಿ ಒಂದೂವರೆ ದಶಕವಾಗುತ್ತ ಬಂತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತ್ತು. ಉತ್ತರ ಕರ್ನಾಟಕದ ಯಾವ ಚರ್ಚೆಯೂ ಇವತ್ತಿಗೂ ಆ ವರದಿಯಿಂದಲೇ ಶುರುವಾಗುತ್ತದೆ. ಇನ್ನು ಐಟಿ ಕೆಲಸವನ್ನು ರಾಜಧಾನಿಯ ಆಚೆ ಒಯ್ಯುವ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಮಾತು ಬಂದಾಗ ಕೇಳುವ ಹೆಸರುಗಳು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ. ನನ್ನ ಮೂರು ಊರುಗಳು ಅಲ್ಲಿಲ್ಲ. ಇಲ್ಲದಿದ್ದರೂ ಚಿಂತೆಯಿಲ್ಲ, ಕೆಲಸವನ್ನು ನಾನೇ ಹೊತ್ತು ತರುತ್ತಿದ್ದೇನೆ. ನನಗೆ ಬೇಕಾದದ್ದು ನೀರು, ಆಸ್ಪತ್ರೆ, ಒಂದು ಬಾಡಿಗೆ ಮನೆ.

ಶನಿವಾರಗಳಂದು ಹೊರಟೆ. ಮೊದಲು ಕೊಪ್ಪಳ.

ಕೊಪ್ಪಳ ಮೂರರಲ್ಲಿ ಚಿಕ್ಕದು, ಬೇಗ ಮನಸ್ಸಿಗೆ ಹತ್ತಿರವಾಗುವ ಊರು. ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದೂ ಗದುಗಿನದೂ 2015ರಲ್ಲಿ ಒಟ್ಟಿಗೇ ಶುರುವಾದವು. ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಗವಿಮಠದ ಗುಡ್ಡದ ಕೆಳಗೆ ಸಂಜೆ ಮಂದಿ ಕೂತಿರುವುದನ್ನು ನೋಡಿ ಅವ್ವನಿಗೆ ಇದೇ ಸರಿ ಅನ್ನಿಸಿತ್ತು. ಆಮೇಲೆ ಮನೆ ನೋಡಲು ಹೋದೆ. ಗಿಣಿಗೇರಿ ರಸ್ತೆಯ ಕಡೆಯ ಬಡಾವಣೆ. ಮನೆಯೊಡತಿ ಮಾಳಿಗೆ ತೋರಿಸಿದರು. ತಂತಿಯ ಮೇಲಿನ ಬಟ್ಟೆಯನ್ನು ಮುಟ್ಟಿದರೆ ಬೆರಳು ಕಪ್ಪಾಯಿತು. ‘ಮುಂಜಾನೆ ಒಗದ ಬಟ್ಟಿ ಮಧ್ಯಾಹ್ನಕ್ಕ ಮತ್ತ ಝಾಡಿಸಬೇಕ್ರಿ’ ಎಂದು ಅವರೇ ಹೇಳಿದರು, ಬಾಡಿಗೆ ಹೋದರೂ ಪರವಾಗಿಲ್ಲ ಅನ್ನುವಂತೆ. 2025ರ ಫೆಬ್ರುವರಿ 24ರಂದು ಊರಿಗೆ ಅಂಟಿಕೊಂಡೇ ಬರಲಿದ್ದ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಇಡೀ ಕೊಪ್ಪಳ ಬಂದ್ ಆಗಿತ್ತು. ಗವಿಮಠದ ಸ್ವಾಮೀಜಿಯೂ ಬೀದಿಗಿಳಿದಿದ್ದರು. ಅದನ್ನು ಬೆಂಗಳೂರಿನಲ್ಲಿ ಮೊಬೈಲ್‌ನಲ್ಲಿ ನೋಡಿದಾಗ ನನಗದು ದೂರದ ಸುದ್ದಿ. ಬೆರಳಿಗೆ ಮಸಿ ಹತ್ತಿದ ಮೇಲೆ ಅದು ಅವ್ವನ ಉಸಿರಿನ ಪ್ರಶ್ನೆಯಾಯಿತು. ಕಾರ್ಖಾನೆ ಬೇಡವೇ ಬೇಡ ಎಂದು ನಾನು ಹೇಳಲಾರೆ. ನಮ್ಮ ಹಳ್ಳಿಯ ಎಷ್ಟೋ ಹುಡುಗರು ಅದೇ ಹೊಗೆಯ ಕೆಳಗೆ ದುಡಿದು ಮನೆ ನಡೆಸುತ್ತಾರೆ. ಆದರೆ ಕೆಲಸ ಬೇಕೋ ಗಾಳಿ ಬೇಕೋ ಎಂದು ಒಂದು ಊರನ್ನು ಕೇಳುವುದೇ ಅನ್ಯಾಯ. ಬೆಂಗಳೂರಿನ ಐಟಿ ಪಾರ್ಕುಗಳ ಪಕ್ಕದವರನ್ನು ಯಾರೂ ಹೀಗೆ ಕೇಳಿದ್ದಿಲ್ಲ.

ಕೊಪ್ಪಳದ ಬಗ್ಗೆ ಇನ್ನೊಂದು ಮಾತು. ‘ಅಲ್ಲೇ ಹೋಗು, ಮುಂದ ಮಕ್ಕಳಿಗೆ 371(ಜೆ) ಸಿಗತೈತಿ’ ಎಂದು ಮೂರು ಜನ ಸಲಹೆ ಕೊಟ್ಟರು. ಕೊಪ್ಪಳ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ನಮ್ಮ ಕಡೆಯದು ಮುಂಬಯಿ ಕರ್ನಾಟಕ. ಸಂಸ್ಥಾನ ಹೋಗಿ ಮುಕ್ಕಾಲು ಶತಮಾನ ಕಳೆದರೂ ಆ ಗೆರೆ ಅಳಿಸಿಲ್ಲ. ರಸ್ತೆಯ ಆ ಬದಿಯ ಹಳ್ಳಿಯಲ್ಲಿ ಹುಟ್ಟಿದ ನನ್ನ ಗೆಳತಿಗೆ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಇದೆ. ಈ ಬದಿಯ ನನಗಿಲ್ಲ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಆ ಭಾಗಕ್ಕೆ ಅದು ಸಿಗಬೇಕಾದದ್ದೇ. ಆದರೆ ಬಾಡಿಗೆ ಮನೆ ಮಾಡಿದ ಮಾತ್ರಕ್ಕೆ ಅದು ಕೈಗೆ ಬರುವುದೂ ಇಲ್ಲ. ಹುಟ್ಟಿದ ಊರು, ಎಷ್ಟು ವರ್ಷದ ವಾಸ ಎಂದೆಲ್ಲ ದಾಖಲೆ ಕೇಳುತ್ತಾರೆ. ಮದುವೆಯೇ ಆಗಿಲ್ಲದ ನನ್ನ ಮಕ್ಕಳ ಸೀಟಿನ ಚಿಂತೆ ಸದ್ಯಕ್ಕೆ ಬೇಡ ಎಂದು ಕೈಬಿಟ್ಟೆ.

ಬಾಗಲಕೋಟೆಯ ನವನಗರ ನೋಡಿದರೆ ಯಾರಾದರೂ ಅದನ್ನೇ ಆರಿಸುತ್ತಾರೆ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ನಕ್ಷೆ ಹಾಕಿ ಕಟ್ಟಿದ ಊರು ಅದು. ಅಗಲವಾದ ರಸ್ತೆ, ಗಿಡಮರ, ಸೆಕ್ಟರ್‌ಗಳು. ನಾನು ನೋಡಿದ ಮನೆಯ ಯಜಮಾನರು ಎಪ್ಪತ್ತರ ಹಿರಿಯರು. ಹಳೇ ಊರಿನಲ್ಲಿ ಅವರಿಗೆ ಅಂಗಡಿಯಿತ್ತು. ‘ಇಲ್ಲಿ ಎಲ್ಲಾ ಚಲೋ ಐತಿ. ಖರೇ ಹೇಳತೀನಿ, ಕಟ್ಟಿಮ್ಯಾಲ ಕೂಡೂದು ಮಾತ್ರ ಬರಂಗಿಲ್ಲ, ಕಟ್ಟೀನೇ ಇಲ್ಲ’ ಎಂದು ನಕ್ಕರು. ಮುಳುಗಡೆ ಅವರಿಗೆ ಮುಗಿದ ಕಥೆಯಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮೂರನೇ ಹಂತಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಇನ್ನೂ ಎಷ್ಟೋ ಹಳ್ಳಿಗಳು ಇದೇ ನವನಗರದ ಕಡೆ ಮುಖ ಮಾಡಬೇಕು. ನಾನು ಬೇಕೆಂದು ಬರುವವಳು, ಅವರು ಬೇಡವೆಂದರೂ ಬರಬೇಕಾದವರು. ಆ ಹಿರಿಯರ ಎದುರು ನನ್ನ ಪಟ್ಟಿ ತೆಗೆದು ‘ನೀರು ದಿನಾ ಬರತೈತೇನ್ರಿ?’ ಎಂದು ಕೇಳಲು ಸಂಕೋಚವಾಯಿತು.

ಆದರೂ ಕೇಳಿದೆ. ನೀರಿಗೆ ತೊಂದರೆಯಿಲ್ಲ ಎಂದರು. ಬಾಡಿಗೆಯೂ ನನ್ನ ಕೈಗೆಟಕುವಂತಿತ್ತು. ಆಸ್ಪತ್ರೆ ಹತ್ತಿರ. ಅದಕ್ಕೆ ಮೊದಲು ನೋಡಿದ ಇನ್ನೆರಡು ಮನೆಗಳಲ್ಲಿ ಮಾತ್ರ ‘ಗಂಡಸರು ಯಾರಿಲ್ಲೇನು?’ ಎಂಬ ಪ್ರಶ್ನೆಗೆ ನಾನು ಉತ್ತರಿಸಿದ ಕೂಡಲೇ ಮನೆ ಬೇರೆಯವರಿಗೆ ಗೊತ್ತಾಗಿಬಿಟ್ಟಿತ್ತು. ಈ ಪ್ರಶ್ನೆ ಮೂರೂ ಊರುಗಳಲ್ಲಿ ಬಂತು. ಈ ವಿಷಯದಲ್ಲಿ ಪ್ರಾದೇಶಿಕ ಅಸಮತೋಲನ ಇಲ್ಲ.

ಗದುಗಿಗೆ ಬಂದರೆ ನೀರೇ ದೊಡ್ಡ ಮಾತು. ತುಂಗಭದ್ರೆಯ ಹಮ್ಮಿಗಿಯಿಂದ ನೀರು ಬರಬೇಕು. ಬೇಸಿಗೆಯಲ್ಲಿ ನದಿ ಬತ್ತಿದರೆ ಮೇಲಿನ ಭದ್ರಾ ಜಲಾಶಯದಿಂದ ಬಿಡಿಸಿಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ನಲ್ಲಿ ಬಂದ ಬೇಸಿಗೆಗಳು ಗದುಗಿನವರಿಗೆ ಹೊಸದಲ್ಲ. ಅಲ್ಲಿ ಬಾಡಿಗೆ ಮನೆ ತೋರಿಸುವವರು ಮೊದಲು ಅಡುಗೆಮನೆ ತೋರಿಸುವುದಿಲ್ಲ, ನೆಲದೊಳಗಿನ ಟಾಕಿಯ ಮುಚ್ಚಳ ಎತ್ತಿ ಆಳ ತೋರಿಸುತ್ತಾರೆ. ಡಯಾಲಿಸಿಸ್‌ನವರಿಗೆ ನೀರೆಂದರೆ ಕುಡಿಯುವ ಮಾತಷ್ಟೇ ಅಲ್ಲ; ಅವ್ವನಂಥವರು ಕುಡಿಯುವ ನೀರನ್ನಂತೂ ಲೋಟದಲ್ಲಿ ಅಳೆದೇ ಕೊಡಬೇಕು. ಆದರೆ ಯಂತ್ರಕ್ಕೆ ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರ್ ಶುದ್ಧೀಕರಿಸಿದ ದ್ರಾವಣ ಹರಿಯಬೇಕು. ನಾಲ್ಕು ತಾಸಿಗೆ 120 ಲೀಟರ್. ಅಷ್ಟು ಶುದ್ಧ ನೀರು ತೆಗೆಯಲು ಅದಕ್ಕಿಂತ ಎಷ್ಟೋ ಹೆಚ್ಚು ಹಸಿ ನೀರು ಬೇಕು. ಊರಿನ ನಲ್ಲಿಗೂ ಅವ್ವನ ರಕ್ತಕ್ಕೂ ಇರುವ ಸಂಬಂಧ ಇಷ್ಟು ನೇರ.

ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾದ ಮೇಲೆ ಜಿಲ್ಲಾ ಕೇಂದ್ರಗಳಲ್ಲಿ ಬಡವರಿಗೆ ಇದು ಉಚಿತವಾಗಿ ಸಿಗುವಂತಾಯಿತು. ನಮ್ಮಂಥವರಿಗೆ ಅದು ಜೀವದಾನವೇ. ನಾನು ಮೂರೂ ಊರುಗಳಲ್ಲಿ ಮೂರೇ ಪ್ರಶ್ನೆ ಕೇಳಿದೆ. ಖಾಲಿ ಪಾಳಿ ಇದೆಯೇ? ಕರೆಂಟು ಹೋದರೆ ಜನರೇಟರ್ ಇದೆಯೇ? ಯಂತ್ರ ನೋಡಿಕೊಳ್ಳುವವರು ರಜೆ ಹಾಕಿದರೆ ಯಾರು ಬರುತ್ತಾರೆ? ಮೊದಲ ಎರಡಕ್ಕೆ ಎಲ್ಲ ಕಡೆ ಒಂದಲ್ಲ ಒಂದು ಉತ್ತರ ಸಿಕ್ಕಿತು. ಮೂರನೆಯದಕ್ಕೆ ಒಂದು ಕಡೆ, ಯಾವ ಊರೆಂದು ಹೇಳುವುದಿಲ್ಲ, ಅಲ್ಲಿನ ಹುಡುಗ ನನ್ನ ಮುಖ ನೋಡಿ, ‘ನಾ ರಜಾ ಹಾಕಂಗಿಲ್ರೀ ಅಕ್ಕಾರ’ ಅಂದ. ಎಷ್ಟು ದಿನದಿಂದ ಹಾಕಿಲ್ಲ ಎಂದು ಕೇಳಿದೆ. ನಕ್ಕನೇ ಹೊರತು ಉತ್ತರ ಕೊಡಲಿಲ್ಲ. ಹಾಸಿಗೆ ಎಷ್ಟು, ವೈದ್ಯರು ಎಷ್ಟು ಎಂದು ಲೆಕ್ಕ ಹಾಕುವ ವರದಿಗಳಲ್ಲಿ ಇಂಥ ಒಬ್ಬ ಹುಡುಗನ ಬೆನ್ನ ಮೇಲೆ ಒಂದು ಇಡೀ ಘಟಕ ನಿಂತಿರುವುದು ಕಾಣುವುದಿಲ್ಲ.

ಇಷ್ಟೆಲ್ಲ ಬರೆದುಕೊಂಡು ಅಂಕ ಹಾಕಿದೆ. ಬಾಗಲಕೋಟೆ ಮೊದಲು, ಗದಗ ಎರಡನೆಯದು, ಕೊಪ್ಪಳ ಮೂರನೆಯದು. ಆಮೇಲೆ ಗದುಗನ್ನು ಆರಿಸಿದೆ.

ಕಾರಣ, ಅವ್ವನ ತಂಗಿ. ಚಿಗವ್ವನ ಮನೆ ಬೆಟಗೇರಿಯಲ್ಲಿದೆ. ನಾನು ಆಫೀಸಿನ ಕರೆಯಲ್ಲಿ ಸಿಕ್ಕಿಬಿದ್ದಾಗ ಅವ್ವನನ್ನು ಆಟೊ ಹತ್ತಿಸುವವಳು, ನಾನು ಬೆಂಗಳೂರಿಗೆ ಹೋದ ಎರಡು ದಿನ ಜೊತೆಗೆ ಮಲಗುವವಳು, ಮನೆ ಮಾಲೀಕರಿಗೆ ‘ನಮ್ಮ ಅಕ್ಕನ ಮಗಳದಾಳ’ ಎಂದು ಹೇಳಿ ಆ ಗಂಡಸರ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸಿದವಳು ಅವಳೇ. ರೈಲಿನ ಅನುಕೂಲವೂ ಗದುಗಿಗೇ ಹೆಚ್ಚು. ಹಂಪಿ, ಗೋಲಗುಂಬಜ್ ಎರಡೂ ಎಕ್ಸ್‌ಪ್ರೆಸ್‌ಗಳು ಮುಟ್ಟುತ್ತವೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ 60 ಕಿಲೊಮೀಟರ್ ಒಳಗಿದೆ. ಆದರೆ ಇವೆಲ್ಲ ನಾನು ಆಮೇಲೆ ಹುಡುಕಿಕೊಂಡ ಕಾರಣಗಳು.

ಇಲ್ಲಿಯೇ ನನ್ನ ತಕರಾರಿರುವುದು. ‘ಸಣ್ಣ ಊರಿನಲ್ಲಿ ಮಂದಿ ಒಬ್ಬರಿಗೊಬ್ಬರು ಆಗುತ್ತಾರೆ’ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೌದು, ಆಗುತ್ತಾರೆ. ಅದಕ್ಕೆ ಬೆಂಗಳೂರು ಸಾಕಾಗಿ ನನ್ನ ಹಾಗೆ ಮರಳುವ ಯೋಚನೆಯಲ್ಲಿರುವವರು ಕಡಿಮೆಯಿಲ್ಲ. ಆದರೆ ಆ ಒಬ್ಬರಿಗೊಬ್ಬರು ಆಗುವುದರ ಮೇಲೆ ಸರ್ಕಾರ ಎಷ್ಟು ಭಾರ ಹಾಕಿದೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಡಯಾಲಿಸಿಸ್ ಉಚಿತ, ಜೊತೆಗೆ ಬರುವವರು ನಿಮ್ಮವರೇ ಇರಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಕೆಂಪು ಬಸ್ಸು ಉಚಿತ, ನಿಲ್ದಾಣದಿಂದ ಆಸ್ಪತ್ರೆಯ ಹಾಸಿಗೆಯವರೆಗೆ ತೋಳು ಹಿಡಿಯುವವರನ್ನು ನೀವೇ ತರಬೇಕು. ಚಿಗವ್ವನಿಗೆ ಐವತ್ತೆಂಟು, ಮಂಡಿ ನೋವು ಬೇರೆ. ಅವಳ ಇಬ್ಬರು ಮಕ್ಕಳೂ ಪುಣೆಯಲ್ಲಿದ್ದಾರೆ. ನಾಳೆ ಅವಳಿಗೇ ಯಾರಾದರೂ ಬೇಕಾದಾಗ ಆ ಓಣಿಯಲ್ಲಿ ಇರುವವಳು ನಾನು.

ಚಿಗವ್ವ ಇಲ್ಲದವರು ಏನು ಮಾಡುತ್ತಾರೆ? ಅದನ್ನೂ ನೋಡಿದೆ. ಒಂದು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜ ತೋಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಕುಷ್ಟಗಿ ಕಡೆಯವ. 2025ರ ಮೇ ತಿಂಗಳಲ್ಲಿ ಅಲ್ಲಿಗೆ ರೈಲು ಬಂದದ್ದು ಚಲೋ ಆಯಿತು ಎಂದ. ಜೊತೆಗೆ ಯಾರಿಲ್ಲವೇ ಎಂದರೆ, ‘ರೈಲ ಐತೆಲ್ಲವಾ’ ಅಂದ.

ಈ ತಿಂಗಳ ಕೊನೆಗೆ ಸಾಮಾನು ಹೊರಡುತ್ತದೆ. ಹೊಸ ಮನೆಯ ನೆಲದ ಟಾಕಿ ಎಂಟು ಸಾವಿರ ಲೀಟರಿನದು. ಚಿಗವ್ವ ತಾನೇ ಕೋಲು ಇಳಿಸಿ ನೋಡಿದ್ದಾಳೆ. ಆದರೂ ಮಾಳಿಗೆಗೆ ಇನ್ನೊಂದು ಸಿಂಟೆಕ್ಸ್ ತರಬೇಕು ಎಂದಿದ್ದಾಳೆ. ಅವ್ವ ನಿನ್ನೆಯಿಂದ ತನ್ನ ಜೋಳದ ಡಬ್ಬಿಗಳನ್ನು ತೊಳೆದು ಒಣಗಿಸುತ್ತಿದ್ದಾಳೆ. ಅವೂ ನೀರು ತುಂಬಲಿಕ್ಕಂತೆ.