ಪರಿವರ್ತನೀಯ ಅವಧಿ ವಿಮೆ: ಬೆಳೆಗಾರರು ಅರಿತಿರಬೇಕಾದ ವಿಷಯ

ತೋಟಕ್ಕೆ ಸಾಲ ಮಾಡದ ಸಣ್ಣ ಬೆಳೆಗಾರರು ನಮ್ಮಲ್ಲಿ ವಿರಳ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ, ಕಾಫಿಗೆ ಮೂರು ನಾಲ್ಕು ವರ್ಷ ಬೇಕು. ಬಡ್ಡಿಯಾದರೋ ಮೊದಲ ದಿನದಿಂದಲೇ ಬೆಳೆಯುತ್ತದೆ. ಈ ನಡುವೆ ಮನೆಯ ಯಜಮಾನರು ತೀರಿಕೊಂಡರೆ ತೋಟ ಮನೆಯವರಿಗೆ ಉಳಿದೀತೆ? ಈ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಲೇಬೇಕೆಂದು ನಮ್ಮ ಅಭಿಪ್ರಾಯ.

ಅವಧಿ ವಿಮೆಯಲ್ಲಿ ಗೊತ್ತುಪಡಿಸಿದ ವರ್ಷಗಳೊಳಗೆ ಮರಣವಾದರೆ ಮಾತ್ರ ಹಣ ಬರುತ್ತದೆ. ಬದುಕಿ ಉಳಿದರೆ ಸಾಮಾನ್ಯವಾಗಿ ಏನೂ ಇಲ್ಲ. ಆದ್ದರಿಂದಲೇ ಪ್ರೀಮಿಯಂ ಕಡಿಮೆ. "ಹಾಗಾದರೆ ಕಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ" ಎನ್ನುವವರಿದ್ದಾರೆ. ಕೊಳೆರೋಗ ಬಾರದ ವರ್ಷ ಬೋರ್ಡೋ ದ್ರಾವಣ ಹೊಡೆದ ಖರ್ಚನ್ನು ನಾವು ಯಾರಲ್ಲಿ ವಾಪಸು ಕೇಳುತ್ತೇವೆ?

ಪರಿವರ್ತನೀಯ ಪಾಲಿಸಿಯಲ್ಲಿ ಒಂದು ಹಕ್ಕು ಹೆಚ್ಚು. ನಿಗದಿಯಾದ ಗಡುವಿನೊಳಗೆ ಅದನ್ನು ಆಜೀವ ಪಾಲಿಸಿಯಾಗಿಯೋ ಎಂಡೋಮೆಂಟ್ ಪಾಲಿಸಿಯಾಗಿಯೋ ಬದಲಾಯಿಸಿಕೊಳ್ಳಬಹುದು. ಹೊಸದಾಗಿ ವೈದ್ಯಕೀಯ ತಪಾಸಣೆ ಬೇಡ. 35ನೇ ವಯಸ್ಸಿನಲ್ಲಿ ಪಾಲಿಸಿ ಮಾಡಿಸಿದವರಿಗೆ 43ರಲ್ಲಿ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಕಂಡಿತೆನ್ನೋಣ. ಹೊಸ ಪಾಲಿಸಿ ಕೇಳಿದರೆ ನಿರಾಕರಿಸಬಹುದು, ಇಲ್ಲವೇ ಪ್ರೀಮಿಯಂ ಏರಿಸಬಹುದು. ಆಗ ಈ ಹಕ್ಕಿನ ಬೆಲೆ ತಿಳಿಯುತ್ತದೆ.

ಆದರೆ ಆರೋಗ್ಯದ ಪ್ರಶ್ನೆ ಏಳದಿದ್ದರೂ ವಯಸ್ಸಿನ ಲೆಕ್ಕ ತಪ್ಪದು. ಸಾಮಾನ್ಯವಾಗಿ ಹೊಸ ಪ್ರೀಮಿಯಂ ಬದಲಾಯಿಸಿದ ದಿನದ ವಯಸ್ಸಿಗೆ ತಕ್ಕಂತೆ ಇರುತ್ತದೆ. ಮೊದಲಿಗಿಂತ ಬಹಳ ಹೆಚ್ಚು. ಬೆಲೆ ಕುಸಿದ ವರ್ಷವೂ ಅದನ್ನು ಕಟ್ಟಲಾಗುವುದೇ ಎಂದು ಯೋಚಿಸಬೇಕು. ಮೈ ಗಟ್ಟಿಯಿದ್ದು, ಸಾಲ ತೀರುತ್ತ ಬಂದಿದ್ದರೆ, ಏಜೆಂಟರು ಹೇಳಿದರೆಂದು ಬದಲಾಯಿಸಬೇಕಾಗಿಲ್ಲ.

ಈ ಸೌಲಭ್ಯ ಎಲ್ಲ ಪಾಲಿಸಿಗಳಲ್ಲಿಯೂ ಇಲ್ಲ. 1956ರಲ್ಲಿ ಸ್ಥಾಪನೆಯಾದ ಭಾರತೀಯ ಜೀವ ವಿಮಾ ನಿಗಮದಲ್ಲಿ ಹಿಂದೆ ಇದೇ ಹೆಸರಿನ ಯೋಜನೆಯಿತ್ತು. ಈಗ ಹೊಸಬರಿಗೆ ಅದು ಸಿಗದು. ಆದ್ದರಿಂದ ಯಾವ ಪಾಲಿಸಿಯಾದರೂ ಮೂರು ಮಾತು ಕೇಳಿರಿ: ಬದಲಾಯಿಸುವ ಹಕ್ಕು ಇದೆಯೇ? ಯಾವ ವರ್ಷದವರೆಗೆ? ಯಾವ ಪಾಲಿಸಿಗೆ? ಉತ್ತರ ಏಜೆಂಟರ ಬಾಯಲ್ಲಿದ್ದರೆ ಸಾಲದು, ಪಾಲಿಸಿ ಪತ್ರದಲ್ಲಿ ಅಚ್ಚಾಗಿರಬೇಕು.

ಇನ್ನೆರಡು ಎಚ್ಚರಿಕೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು. ಪಾಲಿಸಿಯ ಮೊದಲ 3 ವರ್ಷಗಳೊಳಗೆ ಇಂಥ ಮರೆಮಾಚುವಿಕೆಯನ್ನು ಎತ್ತಿ ಹಿಡಿದು ಹಣ ನಿರಾಕರಿಸಲು 1938ರ ವಿಮಾ ಕಾಯಿದೆಯ 45ನೇ ಕಲಮಿನಲ್ಲಿ ಅವಕಾಶವಿದೆ. ಎರಡನೆಯದು, ವಿವಾಹಿತ ಪುರುಷರು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಂತೆ ಹೆಂಡತಿ ಮಕ್ಕಳ ಹಿತಕ್ಕಾಗಿ ಪಾಲಿಸಿ ಮಾಡಿಸಿದರೆ, ಸಾಲ ಕೊಟ್ಟವರು ಸಾಮಾನ್ಯವಾಗಿ ಆ ಹಣಕ್ಕೆ ಕೈಹಾಕುವಂತಿಲ್ಲ. ಅರ್ಜಿ ಹಾಕುವಾಗಲೇ ಇದನ್ನು ಹೇಳಬೇಕು.

ಸಾಲದ ಅರ್ಜಿ ಬರೆಯುವ ದಿನವೇ ವಿಮೆಯ ಮಾತನ್ನೂ ಎತ್ತುವ ಪದ್ಧತಿ ಸಹಕಾರ ಸಂಘಗಳಲ್ಲಿ ಬರಬೇಕು. ಪಾಲಿಸಿ ಪತ್ರ ಎಲ್ಲಿದೆ, ಗಡುವು ಯಾವಾಗ ಎಂಬುದು ಮನೆಯಾಕೆಗೂ ತಿಳಿದಿರಲಿ. ಯಜಮಾನರು ಇಲ್ಲದ ದಿನ ಅದನ್ನು ಹುಡುಕಬೇಕಾದವರು ಅವರೇ.