ಬೆನ್ನಿಗೊಂದು ಬ್ಯಾಗು, ಜೊತೆಗೆ ಯಜಮಾನ್ರು!

‘ಯುರೋಪ್ ಟೂರ್’ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಮುಂದೆ ಬರೋದು ಒಂದೇ ಚಿತ್ರ. ಹತ್ತು ದಿನಕ್ಕೆ ಏಳು ದೇಶ, ಬಸ್ಸಿನ ತುಂಬ ನಮ್ಮವರೇ, ಬಾವುಟ ಹಿಡಿದು ಮುಂದೆ ಓಡುವ ಗೈಡ್. ವಯಸ್ಸಾದವರಿಗೆ, ಪುಟ್ಟ ಮಕ್ಕಳಿರುವವರಿಗೆ ಅದೇ ಅನುಕೂಲ, ಒಪ್ಪೋಣ. ಆದರೆ ಮಕ್ಕಳು ಹತ್ತು ದಿನ ಅಜ್ಜಿ ಮನೆಯಲ್ಲಿ ಇರುವಷ್ಟು ದೊಡ್ಡವರಾಗಿದ್ದರೆ, ಗಂಡ-ಹೆಂಡತಿ ಇಬ್ಬರೇ ಬೆನ್ನಿಗೊಂದು ಬ್ಯಾಗು ಏರಿಸಿ ಒಂದೇ ಸೀಮೆಯನ್ನು ನಿಧಾನವಾಗಿ ಸುತ್ತಿ ಬನ್ನಿ ಅನ್ನೋದು ನನ್ನ ವಾದ. ಯಾವ ಸೀಮೆ ಅಂತೀರಾ? ನಾನು ಹೇಳೋದು ದಕ್ಷಿಣ ಸ್ಪೇನ್, ಅಂದರೆ ಆಂದಲೂಸಿಯಾ.

ಅಲ್ಲೇ ಯಾಕೆ? ಸೆವಿಲ್ಯಾ, ಕೋರ್ದೊಬಾ, ಗ್ರನಾಡಾ ಮೂರೂ ಹತ್ತಿರ ಹತ್ತಿರದ ಊರುಗಳು. ಸೆವಿಲ್ಯಾದಿಂದ ಕೋರ್ದೊಬಾಕ್ಕೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ, ಗ್ರನಾಡಾಕ್ಕೆ ಬಸ್ಸಿನಲ್ಲಿ ಸುಮಾರು 3 ಗಂಟೆ. ಕೋರ್ದೊಬಾದಲ್ಲಿ 8ನೇ ಶತಮಾನದಲ್ಲಿ ಶುರುವಾದ ಮಸೀದಿ 1236ರಲ್ಲಿ ಚರ್ಚ್ ಆಯಿತು. ಒಳಗೆ ಕಾಲಿಟ್ಟರೆ ಕೆಂಪು-ಬಿಳಿ ಪಟ್ಟೆಯ ಕಮಾನುಗಳ ಕಾಡು! ಗ್ರನಾಡಾದ ಅಲ್‌ಹಾಂಬ್ರಾ ಅರಮನೆಯಂತೂ ನೀರು, ನೆರಳು, ಕುಸುರಿ ಕೆತ್ತನೆಗಳ ಹಬ್ಬ. ಊರುಗಳ ಹಳೇ ಭಾಗವನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಬಹುದು.

ಈಗ ದುಡ್ಡಿನ ಮಾತು. ವಿಮಾನ ಮತ್ತು ವೀಸಾ ಖರ್ಚು ತಪ್ಪಿದ್ದಲ್ಲ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೋ. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು. ಆದರೆ ಅಲ್ಲಿ ಇಳಿದ ಮೇಲಿನ ಖರ್ಚು ನಮ್ಮ ಕೈಯಲ್ಲೇ ಇದೆ ನೋಡಿ. ತಿಂಗಳ ಕೊನೇ ವಾರವನ್ನು ನಿಭಾಯಿಸಿ ಗೊತ್ತಿರುವ ನಮಗಿಂತ ಒಳ್ಳೇ ಬಜೆಟ್ ಪ್ರವಾಸಿ ಬೇರೆ ಯಾರಿದ್ದಾರೆ?

* ಹಾಸ್ಟೆಲ್‌ಗಳಲ್ಲಿ ಜೋಡಿಗಳಿಗೆ ಪ್ರತ್ಯೇಕ ರೂಮೂ ಸಿಗುತ್ತೆ. ಅಡುಗೆಮನೆ ಇರುವುದನ್ನೇ ಆರಿಸಿ.

* ಮಧ್ಯಾಹ್ನ ‘ಮೆನೂ ದೆಲ್ ದಿಯಾ’ ಕೇಳಿ. ನಿಗದಿತ ಬೆಲೆಗೆ ಪೂರ್ತಿ ಊಟ. ಅದನ್ನೇ ದಿನದ ದೊಡ್ಡ ಊಟ ಮಾಡ್ಕೊಂಡು, ರಾತ್ರಿಗೆ ಅಂಗಡಿಯ ಬ್ರೆಡ್ಡು, ಟೊಮೆಟೊ, ಹಣ್ಣು ಸಾಕು.

* ಗ್ರನಾಡಾದ ಬಾರ್‌ಗಳಲ್ಲಿ ಕುಡಿಯಲು ಏನಾದರೂ ತಗೊಂಡರೆ ಜೊತೆಗೊಂದು ಪುಟ್ಟ ತಿಂಡಿ, ಅಂದರೆ ‘ತಾಪಾ’, ಬಿಟ್ಟಿ.

* ಸಸ್ಯಾಹಾರಿಗಳು ‘ಸಿನ್ ಕಾರ್ನೆ, ಸಿನ್ ಹಮೋನ್’ (ಮಾಂಸ ಬೇಡ, ಹಂದಿಮಾಂಸ ಬೇಡ) ಅನ್ನೋದನ್ನ ಬಾಯಿಪಾಠ ಮಾಡಿ. ಸೆವಿಲ್ಯಾದ ಪಾಲಕ್-ಕಡಲೆ ಪಲ್ಯ ನಮ್ಮ ನಾಲಿಗೆಗೆ ಒಗ್ಗುತ್ತೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ‘ತೊರ್ತಿಯಾ’ ಇದೆ.

* ಕೋರ್ದೊಬಾದ ಮಸೀದಿ-ಚರ್ಚಿಗೆ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8.30ರಿಂದ 9.30ರವರೆಗೆ ಸಾಮಾನ್ಯವಾಗಿ ಉಚಿತ ಪ್ರವೇಶ. ಬೇಗ ಏಳೋದು ನಮಗೇನು ಹೊಸದೇ?

* ಅಲ್‌ಹಾಂಬ್ರಾ ಟಿಕೆಟ್ಟನ್ನು ಮಾತ್ರ ವಾರಗಳ ಮೊದಲೇ ಕಾಯ್ದಿರಿಸಿ. ಪಾಸ್‌ಪೋರ್ಟ್ ಒಯ್ಯಿರಿ. ಒಳ ಅರಮನೆಗೆ ಟಿಕೆಟ್‌ನಲ್ಲಿ ಬರೆದ ಹೊತ್ತಿಗೇ ಹೋಗಬೇಕು. ಟಿಕೆಟ್ ಸಿಗಲಿಲ್ಲವೇ? ಎದುರಿನ ಗುಡ್ಡದ ಸಾನ್ ನಿಕೋಲಾಸ್ ಕಟ್ಟೆಯ ಮೇಲೆ ಕೂತು ಸಂಜೆಗೆಂಪಿನಲ್ಲಿ ಅರಮನೆ ನೋಡಲು ದುಡ್ಡು ಬೇಕಿಲ್ಲ.

* ಜುಲೈ, ಆಗಸ್ಟ್ ಬೇಡವೇ ಬೇಡ. ಸೆವಿಲ್ಯಾದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಈಸ್ಟರ್ ಹಿಂದಿನ ವಾರ ರೂಮಿನ ಬಾಡಿಗೆ ಆಕಾಶಕ್ಕೇರುತ್ತೆ. ಅಕ್ಟೋಬರ್ ಒಳ್ಳೇದು.

* ಚರ್ಚ್‌ಗಳ ಬಳಿ ಸೊಪ್ಪಿನ ಕಡ್ಡಿ ಕೈಗೆ ತುರುಕಿ, ‘ಭವಿಷ್ಯ ಹೇಳ್ತೀನಿ’ ಅಂತ ದುಡ್ಡು ಕೇಳುವವರಿದ್ದಾರೆ. ಕೈ ಚಾಚಲೇಬೇಡಿ, ನಕ್ಕು ಮುಂದೆ ನಡೆಯಿರಿ.

ಇಷ್ಟೆಲ್ಲ ಹೇಳಿದ್ದು ದುಡ್ಡು ಉಳಿಸೋಕೆ ಮಾತ್ರ ಅಂದ್ಕೋಬೇಡಿ. ನನ್ನ ಮುಖ್ಯ ಮಾತು ಬೇರೆಯೇ ಇದೆ. ಮನೆಯಲ್ಲಿ ದೊಡ್ಡ ತೀರ್ಮಾನಗಳು ಅವರದು, ಸಣ್ಣ ಕೆಲಸಗಳು ನಮ್ಮದು. ಪ್ರವಾಸಕ್ಕೆ ಹೋದರೂ ಅಷ್ಟೇ. ಎಲ್ಲಿಗೆ ಅಂತ ಅವರು ಹೇಳ್ತಾರೆ, ಸೂಟ್‌ಕೇಸ್ ನಾವು ತುಂಬ್ತೀವಿ. ಅಲ್ಲಿಯೂ ಅವರ ಟವೆಲ್ಲು, ಮಾತ್ರೆ, ಚಾರ್ಜರ್ ಹುಡುಕಿ ಕೊಡುವವರು ನಾವೇ! ಬೆನ್ನುಚೀಲದ ಪ್ರವಾಸದಲ್ಲಿ ಈ ಲೆಕ್ಕ ನಡೆಯೋಲ್ಲ. ಅವರವರ ಚೀಲ ಅವರವರ ಬೆನ್ನಿಗೆ. ಪಾಸ್‌ಪೋರ್ಟು, ಕಾರ್ಡು, ಅರ್ಧ ನಗದು ನಿಮ್ಮ ಬಳಿಯೇ ಇರಲಿ. ಒಂದು ದಿನದ ಯೋಜನೆ ಅವರದು, ಮರುದಿನದ್ದು ನಿಮ್ಮದು. ದಾರಿ ತಪ್ಪಿದರೆ ಕೇಳುವವರು ನೀವೂ ಆಗಬಹುದು. ಭಾಷೆ ಇಬ್ಬರಿಗೂ ಬಾರದು ತಾನೇ? ಅಲ್ಲಿಗೆ ಇಬ್ಬರೂ ಸಮ!

ನಾವು ಹೋದಾಗ, ಇಲ್ಲಿ ಕೊತ್ತಂಬರಿ ಕಟ್ಟಿನ ಬೆಲೆ ಕೇಳಿ ಗೊತ್ತಿಲ್ಲದ ನಮ್ಮವರು ಅಲ್ಲಿನ ಮಾರುಕಟ್ಟೆಯಲ್ಲಿ ಎರಡು ಅಂಗಡಿಯ ಟೊಮೆಟೊ ಬೆಲೆ ಹೋಲಿಸಿ ನೋಡಿದರು. ಮಧ್ಯಾಹ್ನ ಬಹಳಷ್ಟು ಅಂಗಡಿಗಳು ಮುಚ್ಚುತ್ತವೆ, ಊಟದ ಮನೆಗಳು ರಾತ್ರಿ ಮತ್ತೆ ತೆರೆಯೋದು ಎಂಟೂವರೆಯ ಮೇಲೆ. ನಡುವಿನ ಹೊತ್ತಿನಲ್ಲಿ ಮಾತಾಡದೆ ವಿಧಿಯಿಲ್ಲ! ಹಾಲಿನ ಲೆಕ್ಕ, ಸ್ಕೂಲ್ ಫೀಸು, ಕಂತು ಬಿಟ್ಟು ಮಾತಾಡಿ ಎಷ್ಟು ವರ್ಷವಾಯಿತು ಅಂತ ನೀವೇ ಲೆಕ್ಕ ಹಾಕಿ. ಜಗಳವೂ ಆಗುತ್ತೆ, ಆಗಲಿ ಬಿಡಿ. ಮುನಿಸಿಕೊಂಡು ಹೋಗಲು ಬೇರೆ ಕೋಣೆ ಇಲ್ಲದ ಕಡೆ ಜಗಳ ಬೇಗ ಮುಗಿಯುತ್ತೆ.

‘ಆ ದುಡ್ಡಲ್ಲಿ ಒಂದೆರಡು ಬಳೆ ಬರ್ತಿತ್ತಲ್ಲ?’ ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಬರ್ತಿತ್ತು, ನಿಜ. ಸಾಲ ಮಾಡಿ ಹೋಗಿ ಅಂತ ನಾನೂ ಹೇಳೋಲ್ಲ. ಎರಡು ವರ್ಷದ ಆರ್‌ಡಿ ತೆರೆಯಿರಿ, ಇಬ್ಬರ ಹೆಸರಲ್ಲೂ. ಮಕ್ಕಳ ಓದಿನ ದುಡ್ಡಿಗೆ ಕೈ ಹಾಕಬೇಡಿ. ಆದರೆ ಬಳೆ ಲಾಕರ್‌ನಲ್ಲಿ ಇರುತ್ತೆ. ಪರದೇಶದ ಬಸ್ ನಿಲ್ದಾಣದಲ್ಲಿ ನಿಂತು ‘ಮುಂದೆ ಎಲ್ಲಿಗೆ ಹೋಗೋಣ, ನೀನೇ ಹೇಳು’ ಅಂತ ಗಂಡ ಕೇಳೋದು ಯಾವ ಲಾಕರ್‌ನಲ್ಲೂ ಸಿಗೋಲ್ಲ ಗೆಳತಿಯರೇ. ಆ ಪ್ರಶ್ನೆಗೆ ಉತ್ತರ ಈಗಲೇ ಯೋಚಿಸಿಟ್ಟುಕೊಳ್ಳಿ!